ತಗಡಿನ ಮೇಲಿನ ಅಂಕಿ

ಭಾರಿ ವಾಹನಕ್ಕೆ ವಿಂಚ್ ಕೊಳ್ಳಲು ಹೊರಟವರು ಮೊದಲು ನೋಡುವುದು ಅದರ ಮೈಗೆ ಅಂಟಿಸಿದ ತಗಡಿನ ಪಟ್ಟಿಯ ಮೇಲಿನ ಅಂಕಿಯನ್ನು. ಆ ಅಂಕಿ ದೊಡ್ಡದಾದಷ್ಟೂ ಯಂತ್ರ ಒಳ್ಳೆಯದೆಂಬ ನಂಬಿಕೆ ಅಂಗಡಿಯವನಿಗೂ ಗಿರಾಕಿಗೂ ಒಂದೇ ಸಮನಾಗಿ ಅನುಕೂಲವಾದದ್ದು. ವಿಂಚ್ ಎಂದರೆ ಹಗ್ಗ ಸುತ್ತಿಕೊಳ್ಳುವ ಒಂದು ಉರುಳೆ, ಅದನ್ನು ತಿರುಗಿಸುವ ಒಂದು ಮೋಟಾರು, ಮೋಟಾರಿನ ವೇಗವನ್ನು ಇಳಿಸಿ ಬಲವನ್ನು ಏರಿಸುವ ಹಲ್ಲುಚಕ್ರಗಳ ಒಂದು ಗುಂಪು. ಕೆಸರಿನಲ್ಲಿ ಹೂತ ವಾಹನವನ್ನು ಗಟ್ಟಿಯಾದ ಯಾವುದಾದರೊಂದು ಆಧಾರಕ್ಕೆ ಹಗ್ಗ ಕಟ್ಟಿ ತನ್ನನ್ನು ತಾನೇ ಎಳೆದುಕೊಳ್ಳುವಂತೆ ಮಾಡುವುದು ಅದರ ಕೆಲಸ. ಆದರೆ ತಗಡಿನ ಅಂಕಿ ಈ ಕೆಲಸದ ಒಂದು ಕ್ಷಣವನ್ನು ಮಾತ್ರ ಹೇಳುತ್ತದೆ, ಅದೂ ಮಲೆನಾಡಿನ ತೋಟಗಳಲ್ಲಿ ಅಪರೂಪಕ್ಕೆ ಒದಗುವ ಕ್ಷಣವನ್ನು. ಉಳಿದದ್ದನ್ನು ಬ್ಯಾಟರಿ, ಹಗ್ಗ, ರಾಟೆ, ಮರ ಮತ್ತು ಎಳೆಯಬೇಕಾದ ದಿಕ್ಕು ತೀರ್ಮಾನಿಸುತ್ತವೆಂಬುದು ಸಕಲೇಶಪುರ ಮತ್ತು ಮೂಡಿಗೆರೆ ಸೀಮೆಗಳ ನಡುವಿನ ಒಂದು ಕಾಫಿ ತೋಟದ ಅನುಭವದಿಂದ ನಿಧಾನವಾಗಿ ತಿಳಿದುಬಂದ ಸಂಗತಿ. ಇಲ್ಲಿ ನೆನೆಯುತ್ತಿರುವುದು ಆ ತೋಟವನ್ನು ಮತ್ತು ಅಲ್ಲಿ ನಡೆದ ಒಂದು ಖರೀದಿಯನ್ನು.

ತೋಟದ ಕಣದಿಂದ ಡಾಂಬರು ರಸ್ತೆಗೆ ಹೋಗುವ ದಾರಿ ಮೊದಲು ಇಳಿದು, ಗದ್ದೆಯ ಬದಿಯಲ್ಲಿ ಸಾಗಿ, ಒಂದು ಹಳ್ಳ ದಾಟಿ, ಆಮೇಲೆ ಕಡಿದಾಗಿ ಏರುತ್ತಿತ್ತು. ಬೇಸಗೆಯಲ್ಲಿ ಕಲ್ಲಿನಷ್ಟು ಗಟ್ಟಿಯಿರುತ್ತಿದ್ದ ಅದರ ಕೆಂಪು ಮಣ್ಣು ಆರಿದ್ರಾ ಮಳೆ ಹಿಡಿದ ಮೇಲೆ ಮೇಲ್ಪದರದಲ್ಲಿ ಎಣ್ಣೆ ಹಚ್ಚಿದಂತಾಗಿ, ಪುನರ್ವಸು ಪುಷ್ಯಗಳ ಹೊತ್ತಿಗೆ ಚಕ್ರದ ಜಾಡುಗಳು ಕಾಲುವೆಗಳೇ ಆಗಿಬಿಡುತ್ತಿದ್ದವು. ಹಳೆಯ ಜೀಪು ಹಗುರವಾಗಿದ್ದುದರಿಂದ ಅದು ಸಿಕ್ಕಿಹಾಕಿಕೊಂಡಾಗ ಲೈನುಮನೆಗಳಿಂದ ಹತ್ತಾರು ಆಳು ಬಂದು, ಮಿಣಿ ಕಟ್ಟಿ, ಒಂದು ಕೂಗಿಗೆ ಒಂದು ಎಳೆತದಂತೆ ಮೇಲಕ್ಕೆ ತರುತ್ತಿದ್ದರು. ಗೊಬ್ಬರದ ಮೂಟೆ, ಡೀಸೆಲ್ ಪಂಪು, ಕಾಫಿ ಚೀಲ ಎಲ್ಲವನ್ನೂ ಒಂದೇ ಸಲ ಹೊರಬಲ್ಲ, ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಉದ್ದ ದೇಹದ ಡೀಸೆಲ್ ವಾಹನ ಬಂದಾಗ ಈ ಲೆಕ್ಕಾಚಾರವೇ ಕೆಟ್ಟಿತು. ಹೊರೆ ತುಂಬಿದಾಗ ಅದರ ಒಟ್ಟು ತೂಕ ಸುಮಾರು 3,200 ಕಿಲೋ. ಅದು ಹೂತರೆ ಎಳೆಯಲು ಆಳುಗಳ ಸಂಖ್ಯೆ ಸಾಲುತ್ತಿರಲಿಲ್ಲ, ಅಷ್ಟು ಜನ ಒಂದು ಹಗ್ಗವನ್ನು ಹಿಡಿದು ನಿಲ್ಲಲು ದಾರಿಯಲ್ಲಿ ಜಾಗವೂ ಇರಲಿಲ್ಲ. ಭಾರಿ ವಾಹನ ಹಗುರ ವಾಹನಕ್ಕಿಂತ ಕಡಿಮೆ ಸಿಕ್ಕಿಬೀಳುತ್ತದೆಂಬುದು ಅದನ್ನು ಕೊಳ್ಳುವ ಮುಂಚೆ ಎಲ್ಲರೂ ಹೇಳುವ ಮಾತು.

ಯಂತ್ರದಿಂದ ಎಳೆಯುವುದು ಆ ಸೀಮೆಗೆ ಹೊಸದಾಗಿರಲಿಲ್ಲ. ಕೊಡಗಿನ ದುಬಾರೆಯಂಥ ಶಿಬಿರಗಳ ಆನೆಗಳು ಅರಣ್ಯ ಇಲಾಖೆಗಾಗಿ ದಿಮ್ಮಿ ಎಳೆಯುತ್ತಿದ್ದ ಕಾಲದಲ್ಲೇ, ಎರಡನೆಯ ಮಹಾಯುದ್ಧದ ನಂತರ ಹರಾಜಿನಲ್ಲಿ ಬಂದ ಮಿಲಿಟರಿ ಲಾರಿಗಳು ಮರದ ಕಂಟ್ರಾಕ್ಟರುಗಳ ಕೈಸೇರಿದ್ದವು. ಅವುಗಳಲ್ಲಿ ಕೆಲವಕ್ಕೆ ಮುಂಭಾಗದಲ್ಲಿ ವಿಂಚ್ ಇದ್ದುದನ್ನು ಮನೆಯ ಹಿರಿಯರು ನೋಡಿದ್ದರು. ಅಮೆರಿಕದ ಜಿ.ಎಂ.ಸಿ. ಎರಡೂವರೆ ಟನ್ ಲಾರಿಗೆ ಕೂರಿಸುತ್ತಿದ್ದ ಇಂಥ ವಿಂಚಿನ ಸಾಮರ್ಥ್ಯ 10,000 ಪೌಂಡ್, ಅಂದರೆ ನಾಲ್ಕೂವರೆ ಟನ್ನಿಗೆ ತುಸು ಹೆಚ್ಚು. ಅದಕ್ಕೆ ಬಲ ಬರುತ್ತಿದ್ದುದು ಬ್ಯಾಟರಿಯಿಂದಲ್ಲ, ಗೇರ್‌ಬಾಕ್ಸಿನ ಪಕ್ಕದಿಂದ ಹೊರಟ ಒಂದು ದಂಡದ ಮೂಲಕ ನೇರವಾಗಿ ಎಂಜಿನ್ನಿನಿಂದ. ಹೀಗೆ ಎಂಜಿನ್ನಿನ ಬಲವನ್ನು ಬೇರೆ ಕೆಲಸಕ್ಕೆ ತಿರುಗಿಸುವ ಏರ್ಪಾಟಿಗೆ ಪಿ.ಟಿ.ಒ. ಎನ್ನುತ್ತಾರೆ, ಟ್ರ್ಯಾಕ್ಟರು ಇಟ್ಟುಕೊಂಡವರಿಗೆಲ್ಲ ಅದು ಪರಿಚಿತ. ಎಂಜಿನ್ ಓಡುವಷ್ಟು ಹೊತ್ತೂ ದಣಿಯದೆ ಎಳೆಯುವುದು ಈ ಬಗೆಯ ದೊಡ್ಡ ಗುಣ. ಅದರ ಅಪಾಯವೂ ಅಲ್ಲೇ ಇತ್ತು: ಎಂಜಿನ್ನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದು. ಆದ್ದರಿಂದ ಚಾಲನಾ ದಂಡದಲ್ಲಿ ಒಂದು ಮೆದು ಲೋಹದ ಪಿನ್ನನ್ನು ಇಡುತ್ತಿದ್ದರು; ಮಿತಿ ಮೀರಿದ ಎಳೆತ ಬಂದಾಗ ಹಗ್ಗವೋ ಗೇರೋ ಹೋಗುವ ಬದಲು ಆ ಪಿನ್ನು ಕತ್ತರಿಸಿಹೋಗಿ ಉಳಿದದ್ದನ್ನು ಕಾಯುತ್ತಿತ್ತು. ಒಬ್ಬ ಕಂಟ್ರಾಕ್ಟರನ ಲಾರಿಯಲ್ಲಿ ಪಿನ್ನು ಪದೇಪದೇ ತುಂಡಾಗುತ್ತದೆಂದು ಅದರ ಜಾಗಕ್ಕೆ ಗಟ್ಟಿ ಉಕ್ಕಿನ ಬೋಲ್ಟು ಹಾಕಿ, ಮುಂದಿನ ಹೊನ್ನೆ ದಿಮ್ಮಿಗೆ ವಿಂಚಿನ ಗೇರುಪೆಟ್ಟಿಗೆಯೇ ಸೀಳಿಹೋದ ಕಥೆ ತೋಟದಲ್ಲಿ ಬಹಳ ಕಾಲ ಉಳಿದಿತ್ತು.

ತೋಟಕ್ಕೆ ಸ್ವಂತವಾಗಿ ಬಂದ ಮೊದಲ ಎಳೆಯುವ ಸಾಧನ ಕೈಯಿಂದ ನಡೆಸುವ ಟಿರ್‌ಫೋರ್. ಒಂದು ಉದ್ದ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಾಗ ಒಳಗಿನ ಎರಡು ಜೊತೆ ದವಡೆಗಳು ಒಂದಾದ ಮೇಲೊಂದು ಉಕ್ಕಿನ ಹಗ್ಗವನ್ನು ಕಚ್ಚಿ, ಮರಹತ್ತುವವನು ಕೈ ಬದಲಿಸುವ ಹಾಗೆ, ಅದನ್ನು ಸ್ವಲ್ಪಸ್ವಲ್ಪವೇ ಎಳೆದುಕೊಳ್ಳುತ್ತವೆ. ಉರುಳೆ ಇಲ್ಲದ ಕಾರಣ ಹಗ್ಗ ಎಷ್ಟು ಉದ್ದವಿದ್ದರೂ ಎಳೆಯುವ ಶಕ್ತಿ ಒಂದೇ. ವಿದ್ಯುತ್ ಗೋಪುರಗಳಿಗೆ ತಂತಿ ಎಳೆಯುವವರೂ ಮರದ ಮಿಲ್ಲಿನವರೂ ಬಳಸುವ ಈ ಸಾಧನ 1.6 ಟನ್, 3.2 ಟನ್ ಮುಂತಾದ ಅಳತೆಗಳಲ್ಲಿ ಸಿಗುತ್ತದೆ. ಅದರ ಹಿಡಿಯಲ್ಲಿಯೂ ಮಿತಿ ಮೀರಿದರೆ ಕತ್ತರಿಸಿಹೋಗುವ ಪಿನ್ನುಗಳಿವೆ. ಅದರ ಮೇಲಿನ ದೂರು ಒಂದೇ, ನಿಧಾನ: ಮಳೆಯಲ್ಲಿ ನೆನೆಯುತ್ತಾ ಇಬ್ಬರು ಆಳು ಸರದಿಯ ಮೇಲೆ ಹಿಡಿ ಆಡಿಸುವುದನ್ನು ಕಂಬಳಿಕೊಪ್ಪೆಯೊಳಗಿಂದ ನೋಡುತ್ತಿದ್ದವರಿಗೆ ಗುಂಡಿ ಒತ್ತಿದರೆ ಎಳೆಯುವ ಯಂತ್ರದ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

1991ರ ಆರ್ಥಿಕ ಉದಾರೀಕರಣದ ನಂತರ, ಅದರಲ್ಲೂ 2000ದ ಈಚೆಗೆ, ಹೊರದೇಶದ ವಿದ್ಯುತ್ ವಿಂಚುಗಳು ಬೆಂಗಳೂರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗತೊಡಗಿದವು. ಅಮೆರಿಕದ ವಾರ್ನ್ ಕಂಪನಿ 1948ರಲ್ಲಿ ಜೀಪುಗಳ ಮುಂಚಕ್ರದ ಹಬ್ಬುಗಳನ್ನು ಮಾಡುವುದರಿಂದ ಶುರುವಾಗಿ 1959ರ ಹೊತ್ತಿಗೆ ಬ್ಯಾಟರಿಯಿಂದ ನಡೆಯುವ ವಿಂಚನ್ನು ಮಾರುಕಟ್ಟೆಗೆ ತಂದಿತ್ತು. ಅದರ ಬೆಲೆಯ ಸಣ್ಣ ಪಾಲಿಗೆ ಚೀನಾದ ಯಂತ್ರಗಳು ಪಕ್ಕದಲ್ಲೇ ಕುಳಿತಿರುತ್ತಿದ್ದವು. ತೋಟದ ಆಯ್ಕೆ ಕೊನೆಗೆ ಮೂರು ಅಂಕಿಗಳ ನಡುವೆ ಬಂದು ನಿಂತಿತು: 9,500 ಪೌಂಡ್, 12,000 ಪೌಂಡ್, 16,500 ಪೌಂಡ್. ಪೇಟೆಯಲ್ಲಿ ಚಾಲ್ತಿಯಲ್ಲಿರುವ ಸೂತ್ರವೆಂದರೆ ತುಂಬಿದ ವಾಹನದ ತೂಕದ ಒಂದೂವರೆ ಪಟ್ಟು. 3,200 ಕಿಲೋಗೆ ಅದು 4,800 ಕಿಲೋ. 9,500 ಪೌಂಡಿನ ಯಂತ್ರ 4,300 ಕಿಲೋಗೆ ನಿಲ್ಲುತ್ತದೆ, 12,000 ಪೌಂಡಿನದು 5,440 ಕಿಲೋಗೆ ಹೋಗುತ್ತದೆ. ಸೂತ್ರದ ಪ್ರಕಾರ ಮಾತು ಇಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಕೆಸರು ಸೂತ್ರ ಓದಿರುವುದಿಲ್ಲ. ಹೂತ ವಾಹನಗಳನ್ನು ಎತ್ತುವ ಬಗ್ಗೆ ಅಮೆರಿಕದ ಸೈನ್ಯದ ಕೈಪಿಡಿಗಳು ಕೊಡುವ ಅಂದಾಜು ಇನ್ನೂ ಕಟುವಾದದ್ದು: ಚಕ್ರದ ಮಟ್ಟಕ್ಕೆ ಹೂತರೆ ವಾಹನದ ತೂಕದಷ್ಟೇ ಎಳೆತ ಬೇಕು, ಮಡ್‌ಗಾರ್ಡಿನ ಮಟ್ಟಕ್ಕೆ ಹೂತರೆ ಅದರ ಎರಡರಷ್ಟು, ಕ್ಯಾಬಿನ್ನಿನವರೆಗೆ ಇಳಿದರೆ ಮೂರರಷ್ಟು. ಇದರ ಮೇಲೆ ಏರಿನ ಪಾಲು ಬೇರೆ. 30 ಡಿಗ್ರಿ ಏರಿನಲ್ಲಿ ವಾಹನದ ತೂಕದ ಅರ್ಧದಷ್ಟು ಭಾರ ಅದನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಗದ್ದೆಬದಿಯ ಜೌಗಿನಲ್ಲಿ ಮಡ್‌ಗಾರ್ಡಿನವರೆಗೆ ಕೂತ 3,200 ಕಿಲೋ ವಾಹನಕ್ಕೆ 6,400 ಕಿಲೋ ಎಳೆತ ಬೇಕಾದರೆ 12,000 ಪೌಂಡಿನ ಯಂತ್ರವೂ ಸಾಲದು. ಇದನ್ನು ಕೇಳಿದ ಕೂಡಲೇ ಗಿರಾಕಿಯ ಕಣ್ಣು 16,500ರ ಕಡೆಗೆ ಹೊರಳುವುದು ಸಹಜ, ಅಂಗಡಿಯವನ ಕೈಯೂ ಆ ಕಡೆಗೇ ಹೊರಳುತ್ತದೆ.

ಈ ಹಂತದಲ್ಲಿ ತಗಡಿನ ಅಂಕಿಯ ಒಳಗುಟ್ಟನ್ನು ಬಿಡಿಸಿ ನೋಡಬೇಕಾಗುತ್ತದೆ. ವಿಂಚಿನ ಮೇಲೆ ಬರೆದ ಸಾಮರ್ಥ್ಯ ಉರುಳೆಯ ಮೇಲಿನ ಹಗ್ಗದ ಮೊದಲ ಪದರಕ್ಕೆ ಮಾತ್ರ ಅನ್ವಯಿಸುತ್ತದೆ. ಹಗ್ಗ ಪದರಪದರವಾಗಿ ಸುತ್ತಿಕೊಂಡಂತೆ ಉರುಳೆಯ ಸುತ್ತಳತೆ ದೊಡ್ಡದಾಗುತ್ತದೆ, ಮೋಟಾರು ಅದೇ ತಿರುಗುಬಲವನ್ನು ಹೆಚ್ಚು ದೂರದಲ್ಲಿ ಪ್ರಯೋಗಿಸಬೇಕಾಗುತ್ತದೆ, ಎಳೆತ ಅಷ್ಟರಮಟ್ಟಿಗೆ ಇಳಿಯುತ್ತದೆ. ಉರುಳೆಯ ವ್ಯಾಸ 64 ಮಿ.ಮೀ., ಹಗ್ಗದ ದಪ್ಪ 9.5 ಮಿ.ಮೀ. ಎಂದು ಇಟ್ಟುಕೊಂಡರೆ, ಮೊದಲ ಪದರದಲ್ಲಿ ಹಗ್ಗದ ನಡುಗೆರೆ ಉರುಳೆಯ ಕೇಂದ್ರದಿಂದ ಸುಮಾರು 37 ಮಿ.ಮೀ. ದೂರದಲ್ಲಿದ್ದರೆ ನಾಲ್ಕನೆಯ ಪದರದಲ್ಲಿ ಅದು 65 ಮಿ.ಮೀ. ಆಗಿರುತ್ತದೆ, 5,440 ಕಿಲೋ ಎಂದು ಬರೆಸಿಕೊಂಡ ಯಂತ್ರ ಅಲ್ಲಿ ಎಳೆಯುವುದು ಮೂರು ಸಾವಿರದ ಚಿಲ್ಲರೆ ಕಿಲೋ ಮಾತ್ರ. ಇಂಥ ಉರುಳೆಯ ಮೇಲೆ 26 ಮೀಟರ್ ಹಗ್ಗ ಸುತ್ತಿದರೆ ಮೊದಲ ಪದರದಲ್ಲಿ ಕೂರುವುದು ಐದಾರು ಮೀಟರ್, ಅದರಲ್ಲೂ ಕೊನೆಯ ಐದಾರು ಸುತ್ತುಗಳನ್ನು ಬಿಚ್ಚುವಂತಿಲ್ಲ, ಬಿಚ್ಚಿದರೆ ಹಗ್ಗದ ಬುಡವೇ ಕಿತ್ತುಬರುತ್ತದೆ. ಹೀಗಾಗಿ ಬರೆದಷ್ಟು ಬಲ ಸಿಗಬೇಕಾದರೆ ಕಟ್ಟುವ ಮರ ಇಪ್ಪತ್ತು ಮೀಟರಿಗಿಂತಲೂ ದೂರದಲ್ಲಿ ಇರಬೇಕು. ಮರಗಳು ವಿರಳವಾದ ಬಯಲಿನಲ್ಲಿ ಅದು ಸಾಧ್ಯ. ಕಾಫಿ ತೋಟದಲ್ಲಿ ನೆರಳಿನ ಮರಗಳು ಆರೆಂಟು ಮೀಟರಿಗೊಂದರಂತೆ ನಿಂತಿರುತ್ತವೆ, ಅವುಗಳಾಚೆಗೆ ಹಗ್ಗ ಒಯ್ಯಬೇಕೆಂದರೆ ಕಾಫಿ ಗಿಡಗಳ ರೆಕ್ಕೆ ಮುರಿಯಬೇಕು. ಮರ ಹತ್ತಿರ ಸಿಗುವ ಸೌಕರ್ಯವೇ ಯಂತ್ರವನ್ನು ಅದರ ಅತ್ಯಂತ ದುರ್ಬಲ ಸ್ಥಿತಿಯಲ್ಲಿ ನಿಲ್ಲಿಸುತ್ತಿತ್ತು.

ಇದಕ್ಕೆ ಪರಿಹಾರ ಇನ್ನೂ ದೊಡ್ಡ ವಿಂಚ್ ಅಲ್ಲ, ಒಂದು ರಾಟೆ. ಪಕ್ಕದ ತಗಡು ತೆರೆದು ಹಗ್ಗವನ್ನು ನಡುವಿನಿಂದಲೇ ಕೂರಿಸಬಹುದಾದ ರಾಟೆಗೆ ಸ್ನ್ಯಾಚ್ ಬ್ಲಾಕ್ ಎನ್ನುತ್ತಾರೆ. ಅದನ್ನು ಮರಕ್ಕೆ ಕಟ್ಟಿ, ವಿಂಚಿನ ಹಗ್ಗವನ್ನು ಅದರ ಮೂಲಕ ಹಾಯಿಸಿ ಹಿಂದಕ್ಕೆ ತಂದು ವಾಹನದ ಛಾಸಿಗೇ ಸಿಕ್ಕಿಸಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ. ಇಷ್ಟು ಎಲ್ಲರೂ ಬಲ್ಲದ್ದೇ. ತೋಟದಲ್ಲಿ ಕಂಡುಕೊಂಡ ಇನ್ನೊಂದು ಲಾಭ ಹಗ್ಗದ ಉದ್ದಕ್ಕೆ ಸಂಬಂಧಿಸಿದ್ದು. ಹತ್ತು ಮೀಟರ್ ದೂರದ ಮರಕ್ಕೆ ನೇರವಾಗಿ ಕಟ್ಟಿದರೆ ಉರುಳೆಯ ಮೇಲೆ 16 ಮೀಟರ್ ಉಳಿದು ಎಳೆತ ಮೂರನೆಯ ಪದರದಿಂದ ಶುರುವಾಗುತ್ತದೆ, ಅಂದರೆ ಸುಮಾರು 3,600 ಕಿಲೋ. ಅದೇ ಮರಕ್ಕೆ ರಾಟೆ ಕಟ್ಟಿದರೆ ಇಪ್ಪತ್ತು ಮೀಟರ್ ಬಿಚ್ಚಿಕೊಂಡು ಎರಡನೆಯ ಪದರದ ಬುಡ ಸಿಗುತ್ತದೆ, ಒಂದು ಎಳೆಗೆ 4,300 ಕಿಲೋ, ಎರಡು ಎಳೆಗೆ ಘರ್ಷಣೆ ಕಳೆದರೂ ಎಂಟು ಟನ್ನಿನಷ್ಟು. ರಾಟೆಯಿಲ್ಲದ 16,500ಕ್ಕಿಂತ ರಾಟೆಯಿರುವ 12,000 ಈ ನೆಲದಲ್ಲಿ ಬಲಶಾಲಿ. ದೊಡ್ಡ ವಿಂಚ್ ಕೊಂಡವರು ಆ ಭಾಗದಲ್ಲಿ ಇಲ್ಲದಿಲ್ಲ. ಅವರು ಕೊಂಡದ್ದು ಹೆಚ್ಚಾಗಿ ತೂಕವನ್ನು ಎಂದು ಹೇಳದೆ ವಿಧಿಯಿಲ್ಲ. ಮುಂದಿನ ಆಕ್ಸಲಿನ ಮೇಲೆ ಅಷ್ಟು ಕಬ್ಬಿಣ ನೇತುಹಾಕಿದ ವಾಹನ ಮೂತಿ ತಗ್ಗಿಸಿ ಮೊದಲೇ ಹೂಳುತ್ತದೆ, ಆಮೇಲೆ ವಿಂಚ್ ಅದನ್ನು ಎತ್ತುತ್ತದೆ.

ವಿದ್ಯುತ್ತಿನ ಮಾತು ಅಂಗಡಿಯಲ್ಲಿ ಅಷ್ಟಾಗಿ ಬರುವುದಿಲ್ಲ. 12,000 ಪೌಂಡಿನ ಅಳತೆಯ ವಿಂಚ್ ಪೂರ್ಣ ಎಳೆತದಲ್ಲಿ 12 ವೋಲ್ಟಿನ ಬ್ಯಾಟರಿಯಿಂದ 400 ಆಂಪಿಯರಿನ ಸುಮಾರಿಗೆ ವಿದ್ಯುತ್ತನ್ನು ಹೀರುತ್ತದೆ, ವಾಹನದ ಆಲ್ಟರ್ನೇಟರ್ ಅದಕ್ಕೆ ಮರಳಿ ತುಂಬಬಲ್ಲದ್ದು ಐವತ್ತರ ಆಸುಪಾಸಿನದು. ಒಂದು ನಿಮಿಷದ ಎಳೆತದ ಸಾಲ ತೀರಲು ಎಂಜಿನ್ ಎಂಟು ನಿಮಿಷ ಓಡಬೇಕು. ಆ ಒಂದು ನಿಮಿಷದಲ್ಲಿ ವಾಹನ ಮುಂದಕ್ಕೆ ಬರುವುದು ಒಂದೆರಡು ಮೀಟರ್. ಬ್ಯಾಟರಿ ಇಳಿದಂತೆ ವೋಲ್ಟೇಜು ಕುಸಿದು ಮೋಟಾರು ಇನ್ನಷ್ಟು ಕಾಯುತ್ತದೆ, ವಿದ್ಯುತ್ತನ್ನು ಜೋಡಿಸುವ ಸೋಲನಾಯ್ಡಿನ ತುದಿಗಳು ಕಿಡಿಯಿಂದ ಬೆಸೆದುಕೊಂಡು ಗುಂಡಿ ಬಿಟ್ಟರೂ ವಿಂಚ್ ನಿಲ್ಲದಿರುವ ಸಂದರ್ಭವೂ ಉಂಟು. ಆದ್ದರಿಂದ ಬ್ಯಾಟರಿಯ ತಂತಿಯಲ್ಲಿಯೇ ಕೈಯಿಂದ ಕಡಿಯಬಹುದಾದ ಒಂದು ಸ್ವಿಚ್ಚನ್ನು ಹಾಕಿಸುವುದು ವಿಂಚಿನಷ್ಟೇ ಅಗತ್ಯವಾದ ಖರ್ಚು. ಗಡಿಬಿಡಿಯವರಿಗೆ ಹೇಳಿದ ಯಂತ್ರವಲ್ಲ ಇದು. ಟಿರ್‌ಫೋರಿನ ನಿಧಾನದಿಂದ ಬೇಸತ್ತು ಇದನ್ನು ತಂದವರು ಎಳೆಯುವುದು, ಕಾಯುವುದು, ಮೋಟಾರಿನ ಮೇಲೆ ಕೈಯಿಟ್ಟು ಬಿಸಿ ನೋಡುವುದು ಎಂಬ ಇನ್ನೊಂದು ನಿಧಾನವನ್ನು ಕಲಿಯಬೇಕಾಯಿತು.

ಹಗ್ಗದ ವಿಷಯದಲ್ಲಿ ಮನೆಯಲ್ಲಿ ದೀರ್ಘ ಚರ್ಚೆ ನಡೆಯಿತು. 9.5 ಮಿ.ಮೀ. ಉಕ್ಕಿನ ಹಗ್ಗ ಸುಮಾರು ಆರೂವರೆ ಟನ್ನಿಗೆ ತುಂಡಾಗುತ್ತದೆ. 5,440 ಕಿಲೋ ಎಳೆಯುವ ಯಂತ್ರದ ಎದುರು ಉಳಿಯುವ ಅಂತರ ಬಹಳ ಕಡಿಮೆ, ಭಾರ ಎತ್ತುವ ಕ್ರೇನುಗಳಲ್ಲಿ ಸಾಮಾನ್ಯವಾಗಿ ಇಡುವ ಐದು ಪಟ್ಟಿನ ಸುರಕ್ಷೆ ಇಲ್ಲಿ ಕನಸಿನ ಮಾತು. ತುಂಡಾದ ಉಕ್ಕಿನ ಹಗ್ಗ ಚಾಟಿಯಾಗುತ್ತದೆ. ಅದಕ್ಕೇ ನಡುಹಗ್ಗದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಹಾರಾಟದ ಜೋರನ್ನು ಕೊಲ್ಲುವ ರೂಢಿ ಬಂದದ್ದು. ಹಳತಾದಂತೆ ಅದರ ಎಳೆಗಳು ಒಡೆದು ಏಳುವ ಸಿಬಿರು ಚರ್ಮದ ಕೈಗವಸನ್ನೂ ಹಾಯ್ದು ಅಂಗೈ ಸೇರುತ್ತದೆ. ಹಗ್ಗ ಸುತ್ತುವಾಗ ಕೈಯೊಳಗೆ ಜಾರಲು ಬಿಡದೆ, ಒಂದು ಹಿಡಿತ ಬಿಟ್ಟು ಇನ್ನೊಂದು ಹಿಡಿತ ಹಿಡಿಯುತ್ತಾ ಬರಬೇಕೆಂಬುದು ತೋಟದ ಮೇಸ್ತ್ರಿ ಹೊಸ ಹುಡುಗರಿಗೆ ಮೊದಲು ಕಲಿಸುತ್ತಿದ್ದ ಪಾಠ. ಸಂಶ್ಲೇಷಿತ ಹಗ್ಗ, ಅಂದರೆ ಡೈನೀಮಾ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಪಾಲಿಎಥಿಲೀನ್ ನೂಲಿನಿಂದ ಹೆಣೆದದ್ದು, ಅದೇ ದಪ್ಪಕ್ಕೆ ಒಂಬತ್ತು ಟನ್ನಿನವರೆಗೆ ತಾಳುತ್ತದೆ, ಉಕ್ಕಿನ ಹತ್ತು ಕಿಲೋ ಜಾಗದಲ್ಲಿ ಒಂದೂವರೆ ಕಿಲೋ ತೂಗುತ್ತದೆ, ತುಂಡಾದರೆ ಬಹುಮಟ್ಟಿಗೆ ನೆಲಕ್ಕೆ ಬೀಳುತ್ತದೆ. ಅದರ ಶತ್ರುಗಳು ಎರಡು. ಒಂದು ಶಾಖ: ಹಲವು ವಿಂಚುಗಳಲ್ಲಿ ಬ್ರೇಕು ಉರುಳೆಯ ಹೊಟ್ಟೆಯಲ್ಲೇ ಇರುವುದರಿಂದ ಭಾರದೊಂದಿಗೆ ಹಗ್ಗ ಬಿಡುವಾಗ ಉರುಳೆ ಕಾಯುತ್ತದೆ, 150 ಡಿಗ್ರಿಯ ಹತ್ತಿರ ಕರಗುವ ಈ ನೂಲು ಅದಕ್ಕೂ ಬಹಳ ಮುಂಚೆಯೇ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ಮಲೆನಾಡಿನ ಕೆಸರು: ಅದರೊಳಗಿನ ನುಣ್ಣನೆಯ ಮರಳು ಹೆಣಿಗೆಯ ನಡುವೆ ಸೇರಿ ಪ್ರತಿ ಎಳೆತದಲ್ಲೂ ಒಳಗಿನಿಂದಲೇ ನೂಲನ್ನು ಅರೆಯುತ್ತದೆ. ತೋಟ ಸಂಶ್ಲೇಷಿತ ಹಗ್ಗವನ್ನೇ ಆರಿಸಿತು, ಅದರೊಂದಿಗೆ ಹಗ್ಗ ತೊಳೆಯುವ ಕೆಲಸವೂ ಬಂತು. ಕಾಫಿ ಪಲ್ಪಿಂಗಿನ ತೊಟ್ಟಿಯಲ್ಲಿ ಹಗ್ಗವನ್ನು ಬಿಚ್ಚಿ ಹರವಿ, ಬೆರಳಿನಿಂದ ಹೆಣಿಗೆ ಸಡಿಲಿಸಿ, ಕೆಂಪು ನೀರು ತಿಳಿಯಾಗುವವರೆಗೆ ಅಲುಬಿ, ಅಟ್ಟದಲ್ಲಿ ನೆರಳಿಗೆ ಒಣಗಿಸಬೇಕಾಗಿತ್ತು. ಜೀಪಿನ ಹಗ್ಗಕ್ಕೆ ಬಾಣಂತಿ ಸ್ನಾನ ಎಂದು ಲೈನಿನ ಹೆಂಗಸರು ನಗುತ್ತಿದ್ದರು.

ಎಲ್ಲ ಲೆಕ್ಕಗಳಿಗಿಂತ ಮುಖ್ಯವಾದ ಪ್ರಶ್ನೆಯನ್ನು ಎತ್ತಿದವನು ಮೇಸ್ತ್ರಿ. ವಿಂಚನ್ನು ಮುಂದಿನ ಬಂಪರಿಗೆ ಕೂರಿಸುವ ಬಗ್ಗೆ ಯಾರಿಗೂ ಎರಡನೆಯ ಯೋಚನೆ ಇರಲಿಲ್ಲ. ಚಿತ್ರಗಳಲ್ಲೆಲ್ಲ ಅದು ಅಲ್ಲೇ ಇರುತ್ತದೆ. ಗ್ಯಾರೇಜಿನಿಂದ ಬಂದ ವಾಹನವನ್ನು ಒಂದು ಸುತ್ತು ಹಾಕಿ ನೋಡಿದ ಅವನು, “ಅಯ್ಯಾ, ಗುಂಡಿ ಇರೋದು ಮುಂದ್ಗಡೆ, ಇದು ಎಳಿಯೋದೂ ಮುಂದಕ್ಕೇ. ವಾಪಸ್ ಬರೋಕೆ ಏನ್ ಮಾಡ್ತೀರಿ?” ಎಂದು ಕೇಳಿದ. ಹಿಂದೆ ವಾಹನ ಹೂತ ಸಂದರ್ಭಗಳನ್ನು ನೆನೆದು ನೋಡಿದರೆ ಅವನ ಮಾತು ನಿಜವಾಗಿತ್ತು: ಚಾಲಕ ಗಟ್ಟಿ ನೆಲದಿಂದ ಮೆದು ನೆಲಕ್ಕೆ ಹೋಗಿ ಸಿಕ್ಕಿಬೀಳುತ್ತಾನೆ, ಗಟ್ಟಿ ನೆಲ ಹಿಂದೆಯೇ ಇರುತ್ತದೆ, ಚಕ್ರಗಳು ಕೊರೆದ ಜಾಡೂ ಹಿಂದಕ್ಕೇ ಸುಗಮವಾಗಿರುತ್ತದೆ. ಮುಂದಿನ ವಿಂಚ್ ಕಡಿದಾದ ಏರಿನಲ್ಲಿ ನಿಜವಾಗಿ ಉಪಕಾರಿ. ಗದ್ದೆಬದಿಯ ಜೌಗಿನಲ್ಲಿ ಅದು ವಾಹನವನ್ನು ಇನ್ನೂ ಒಳಕ್ಕೆ ಕರೆದೊಯ್ಯುವ ಸಂಭವವೇ ಹೆಚ್ಚು. ಹಿಂದಕ್ಕೂ ಒಂದು ವಿಂಚ್ ಹಾಕುವ ಮಾತು ಬಂದು ಬೆಲೆ ಕೇಳಿ ಹೋಯಿತು. ಅಷ್ಟರಲ್ಲಿ ಗುಜರಿಗೆ ಹೋಗಬೇಕೆಂದು ಶೆಡ್ಡಿನ ಮೂಲೆ ಸೇರಿದ್ದ 3.2 ಟನ್ನಿನ ಟಿರ್‌ಫೋರನ್ನು ಹೊರತೆಗೆದು, ದವಡೆಗಳನ್ನು ಡೀಸೆಲಿನಲ್ಲಿ ತೊಳೆದು, ಕತ್ತರಿಪಿನ್ನುಗಳ ಒಂದು ಪೊಟ್ಟಣದ ಜೊತೆ ವಾಹನದ ಹಿಂದಿನ ಸೀಟಿನಡಿ ಇಡಲಾಯಿತು. ಛಾಸಿಯ ಹಿಂತುದಿಗೆ ದಪ್ಪ ತಗಡು ಬೆಸೆದು ಎರಡು ಶ್ಯಾಕಲ್ ಹಿಡಿಯುವ ತೂತು ಕೊರೆಸಲಾಯಿತು. ಮುಂದಿನ ಮಳೆಗಾಲಗಳಲ್ಲಿ ಆ ಹಳೆಯ ಸಾಧನಕ್ಕೆ ಹೊಸ ವಿಂಚಿಗಿಂತ ಕಡಿಮೆ ಕೆಲಸವೇನೂ ಬೀಳಲಿಲ್ಲ. ಯಾವುದನ್ನೇ ಬಳಸಲಿ, ಮೊದಲು ಆಕ್ಸಲಿನ ಅಡಿಯ ಮಣ್ಣನ್ನು ಗುದ್ದಲಿಯಿಂದ ತೆಗೆದು, ಚಕ್ರದ ಮುಂದಿನ ಗೋಡೆಯನ್ನು ಇಳಿಜಾರಾಗಿ ಕಡಿದು, ಸೌದೆಯ ತುಂಡು ಹಾಸಿದರೆ ಯಂತ್ರದ ಹೊರೆ ಅಲ್ಲಿಗೇ ಗಣನೀಯವಾಗಿ ಇಳಿಯುತ್ತಿತ್ತು.

ಮುಂದಿನ ಬಂಪರಿನ ಕಥೆ ಬೇರೆ ದಾರಿ ಹಿಡಿಯಿತು. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ, ವಾಹನಗಳ ಮುಂದೆ ಹಾಕಿಸುವ ಕಬ್ಬಿಣದ ಅಡ್ಡಗಾವಲುಗಳು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ವಿರುದ್ಧವೆಂದು ರಾಜ್ಯಗಳಿಗೆ ಬರೆದ ಮೇಲೆ, ವಿಂಚ್ ಕೂರಿಸಲೆಂದು ಮಾಡಿಸಿದ ಭಾರಿ ಬಂಪರನ್ನೂ ಅದೇ ಸಾಲಿಗೆ ಸೇರಿಸಿ ನೋಡುವ ಕಣ್ಣುಗಳು ಹೆದ್ದಾರಿಯಲ್ಲಿ ಹೆಚ್ಚಿದವು. ಪಾದಚಾರಿಗಳ ದೃಷ್ಟಿಯಿಂದ ಆ ಆಕ್ಷೇಪ ನ್ಯಾಯವಾದದ್ದೇ. ತೋಟದ ವಾಹನದ ಚೂಪು ಮೂಲೆಗಳ ಬಂಪರನ್ನು ಕಳಚಿ, ಕಂಪನಿಯ ಬಂಪರಿನ ಹಿಂದೆ ಛಾಸಿಗೇ ಸೇರುವ ತೊಟ್ಟಿಲೊಂದರಲ್ಲಿ ವಿಂಚನ್ನು ಅಡಗಿಸಿ ಕೂರಿಸಲಾಯಿತು. ಇದರಿಂದ ತೂಕವೂ ಇಳಿದು ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಮತ್ತೆ ಬೆನ್ನೆತ್ತಿದವು.

ಇನ್ನುಳಿದದ್ದು ಮರ. ಎರಡು ಎಳೆಯ ಎಳೆತದಲ್ಲಿ ಆ ಎಂಟು ಟನ್ನೂ ಬಂದು ಕೂರುವುದು ರಾಟೆ ಕಟ್ಟಿದ ಮರದ ಮೇಲೆ, ಅದನ್ನು ತಾಳುವ ಮರವನ್ನು ಗುರುತಿಸಬಲ್ಲವನಿಲ್ಲದೆ ಯಾವ ವಿಂಚೂ ಪ್ರಯೋಜನಕ್ಕಿಲ್ಲ. ತೋಟದಲ್ಲಿ ಹೇರಳವಾಗಿದ್ದ ಹಾಲುವಾಣ ಮೆದುವಾದ ಮರ, ಪಟ್ಟಿ ಬಿಗಿದರೆ ತೊಗಟೆಯೇ ಜಾರುತ್ತದೆ; ಸಿಲ್ವರ್ ಓಕ್ ನೆಟ್ಟಗೆ ಚೆಂದ ಕಾಣುತ್ತದೆ, ಆದರೆ ನೆನೆದ ಮಣ್ಣಿನಲ್ಲಿ ಅದನ್ನು ನಂಬುವಂತಿರಲಿಲ್ಲ. ಹಲಸು, ನಂದಿ, ಮತ್ತಿಗಳೇ ಗತಿ, ಅದೂ ನೆಲಕ್ಕೆ ಆದಷ್ಟು ಹತ್ತಿರವಾಗಿ ಅಗಲವಾದ ನೈಲಾನ್ ಪಟ್ಟಿ ಸುತ್ತಿ. ತೊಂದರೆ ಏನೆಂದರೆ ಒಳ್ಳೆಯ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿತ್ತು. ಪಟ್ಟಿಯ ಬಿಗಿತಕ್ಕೆ ಬುಡದಲ್ಲಿ ಜಜ್ಜಿಹೋದ ಬಳ್ಳಿ ಆ ವರ್ಷದ ಫಸಲನ್ನಷ್ಟೇ ಅಲ್ಲ, ಮತ್ತೆ ನೆಟ್ಟು ಬೆಳೆಸುವ ಮೂರ್ನಾಲ್ಕು ವರ್ಷವನ್ನೂ ಒಯ್ಯುತ್ತಿತ್ತು, ಮೆಣಸಿಗೆ ಒಳ್ಳೆಯ ದರವಿದ್ದ ಕಾಲದಲ್ಲಿ ಒಂದು ರಕ್ಷಣೆಯ ಖರ್ಚು ಡೀಸೆಲಿನಲ್ಲಿ ಮುಗಿಯುತ್ತಿರಲಿಲ್ಲ. ಕೊನೆಗೆ ಹಳ್ಳದ ಎರಡು ದಡಗಳಲ್ಲಿ ಮತ್ತು ಏರಿನ ತಿರುವಿನಲ್ಲಿ ಕೆಲವು ಮರಗಳನ್ನು ಆರಿಸಿ, ಬಳ್ಳಿ ಬಿಡಿಸಿ, ಕಾಂಡಕ್ಕೆ ಸುಣ್ಣದ ಪಟ್ಟೆ ಬಳಿದು ಕೆಲಸಕ್ಕೆಂದೇ ಬಿಡಲಾಯಿತು. ಗದ್ದೆಯ ಬದಿಯಲ್ಲಿ ಮರವೇ ಇಲ್ಲದ ಕಡೆ ಒಂದು ದಿಮ್ಮಿಯನ್ನು ಎಳೆತಕ್ಕೆ ಅಡ್ಡಲಾಗಿ ಎದೆಮಟ್ಟದ ಗುಂಡಿಯಲ್ಲಿ ಹೂತು, ಅದಕ್ಕೆ ಸುತ್ತಿದ ಸರಪಳಿಯ ತುದಿಯನ್ನು ಮಾತ್ರ ನೆಲದಿಂದ ಹೊರಗೆ ಬಿಡಲಾಯಿತು. ದನ ಕಟ್ಟಲು ಅನುಕೂಲವೆಂದು ಆ ಸರಪಳಿಯನ್ನು ಲೈನಿನವರು ಬೇಸಗೆಯಲ್ಲೂ ಬಳಸುತ್ತಿದ್ದರು.